ಲಿನಕ್ಸ್ ಲ್ಯಾಪ್‌ಟಾಪಿಗೆ ಯಜಮಾನ ಒಬ್ಬನೇ ಇರಲಿ

ಈಚೆಗೆ ಒಂದು ಮಧ್ಯಾಹ್ನ ಯಗಟಿ ಕಡೆಯ ಹುಡುಗನೊಬ್ಬ ಕಡೂರಿನ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬಂದ. ಡಿಗ್ರಿ ಓದುತ್ತಿರುವವನು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಯಂತ್ರ, ಒಳಗೆ ಇಂಟೆಲ್ಲಿನ 4ನೇ ತಲೆಮಾರಿನ ಪ್ರೊಸೆಸರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಇಂಟೆಲ್ಲಿನ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನು. ಹಾಗಾಗಿ ಅವನೂ ಎಷ್ಟೋ ಜನರಂತೆ ಉಬುಂಟು ಹಾಕಿಕೊಂಡಿದ್ದ.

“ಅಣ್ಣಾ, ಕರೆಂಟಿದ್ದಾಗ ಚೆನ್ನಾಗೇ ಓಡ್ತೈತೆ. ವೈರ್ ಕಿತ್ತರೆ ಸಾಕು, ಬ್ರೌಸರ್ ತೆರೆಯೋಕೇ ಒಂದು ನಿಮಿಷ ಬೇಕು. ಬ್ಯಾಟ್ರಿ ಹೋಗೈತಾ?” ಅಂದ.

ಬ್ಯಾಟರಿ ಹೋಗಿರಲಿಲ್ಲ. ಹಳತಾಗಿದ್ದರೂ ಎರಡು ಗಂಟೆ ಎಳೆಯುವ ಶಕ್ತಿ ಅದಕ್ಕಿತ್ತು. ತೊಂದರೆ ಇದ್ದದ್ದು ಬ್ಯಾಟರಿ ಉಳಿಸಲೆಂದು ಅವನೇ ಹಾಕಿಕೊಂಡಿದ್ದ ತಂತ್ರಾಂಶಗಳಲ್ಲಿ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಲಿನಕ್ಸ್ ಬಳಸುವ ಗೆಳೆಯರ ಯಂತ್ರಗಳನ್ನು ನೋಡುತ್ತ ಬಂದವನಾಗಿ ಹೇಳುತ್ತೇನೆ: ಲಿನಕ್ಸ್‌ನಲ್ಲಿ ಬ್ಯಾಟರಿ ನಿಲ್ಲುವುದಿಲ್ಲ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಉಪಕರಣ ಕಡಿಮೆಯಾದದ್ದಲ್ಲ, ಹೆಚ್ಚಾದದ್ದು.

ಮುಂದಕ್ಕೆ ಹೋಗುವ ಮೊದಲು ಒಂದು ಸೂಚನೆ. ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಕಾಗುಣಿತದ ಅನುಮಾನವಿದ್ದರೆ ಮೊದಲ ನಾಲ್ಕೈದು ಅಕ್ಷರ ಹೊಡೆದು ಟ್ಯಾಬ್ ಕೀಲಿ ಒತ್ತಿ, ಉಳಿದದ್ದನ್ನು ಗಣಕವೇ ತುಂಬಿಕೊಡುತ್ತದೆ.

ಯಾರು ಯಾರು ಒಳಗಿದ್ದಾರೆ?

ಪ್ರೊಸೆಸರಿನ ವೇಗವನ್ನು ಏರಿಸುವ, ಇಳಿಸುವ ಕೆಲಸ ಮೂಲತಃ ಲಿನಕ್ಸಿನ ತಿರುಳಾದ ಕರ್ನಲ್ಲಿನದು. ಅದರೊಳಗಿನ ಸಿಪಿಯುಫ್ರೆಕ್ ಎಂಬ ಭಾಗ ಕೆಲಸದ ಒತ್ತಡ ನೋಡಿಕೊಂಡು ಗಡಿಯಾರದ ವೇಗವನ್ನು ಸೆಕೆಂಡಿಗೆ ಎಷ್ಟೋ ಸಲ ಬದಲಿಸುತ್ತಲೇ ಇರುತ್ತದೆ. ನಾವು ಮೇಲಿನಿಂದ ಹಾಕಿಕೊಳ್ಳುವ ಟಿಎಲ್‌ಪಿ, ಪವರ್ ಪ್ರೊಫೈಲ್ಸ್ ಡೀಮನ್, ಆಟೊ-ಸಿಪಿಯುಫ್ರೆಕ್, ಟ್ಯೂನ್‌ಡಿ ಇವೆಲ್ಲ ಕರ್ನಲ್ಲಿಗೆ ಇಷ್ಟರೊಳಗೆ ಇರು ಎಂದು ಹೇಳುವ ಮೇಸ್ತ್ರಿಗಳು. ಗ್ನೋಮ್ ಅಥವಾ ಕೆಡಿಇ ತೆರೆಯ ಮೂಲೆಯಲ್ಲಿ ‘ಪವರ್ ಸೇವರ್, ಬ್ಯಾಲೆನ್ಸ್ಡ್, ಪರ್ಫಾರ್ಮೆನ್ಸ್’ ಎಂದು ಮೂರು ಆಯ್ಕೆ ಕಾಣುತ್ತವಲ್ಲ, ಅದನ್ನು ಉಬುಂಟುವಿನಲ್ಲಿ ನಡೆಸುವುದು ಪವರ್ ಪ್ರೊಫೈಲ್ಸ್ ಡೀಮನ್. ಫೆಡೋರಾ ಮಾತ್ರ 2024ರ 41ನೇ ಆವೃತ್ತಿಯಿಂದ ಆ ಜಾಗಕ್ಕೆ ಟ್ಯೂನ್‌ಡಿಯನ್ನು ತಂದಿತು.

ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸದು. ಎರಡು ಉಪಕರಣಗಳೂ ಬರೆಯುವುದು ಕರ್ನಲ್ಲಿನ ಅದೇ ಕಡತಗಳಿಗೆ. ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ. ಚಾರ್ಜರ್ ಕಿತ್ತಾಗ ಒಂದು ಎಚ್ಚರಗೊಂಡರೆ, ಹೊರೆ ಹೆಚ್ಚಿದಾಗ ಇನ್ನೊಂದು ಎದ್ದು ಕೂರುತ್ತದೆ. ಬಳಸುವವನಿಗೆ ಕಾಣುವುದು ಇಷ್ಟೇ: ಯಂತ್ರ ಒಮ್ಮೆ ಓಡುತ್ತದೆ, ಒಮ್ಮೆ ತೆವಳುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. ಯಗಟಿಯ ಹುಡುಗ ಮೊದಲು ಟಿಎಲ್‌ಪಿ ಹಾಕಿದ್ದ. ತೃಪ್ತಿಯಾಗದೆ ಅದರ ಮೇಲೆ ಆಟೊ-ಸಿಪಿಯುಫ್ರೆಕ್ ಕೂಡ ಹಾಕಿದ್ದ.

ಆದ್ದರಿಂದ ಮೊದಲ ಕೆಲಸ ತಲೆ ಎಣಿಸುವುದು. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಎಂದು ಬರೆದು ಮುಂದೆ ಒಂದೊಂದೇ ಹೆಸರು ಕೊಟ್ಟು ನೋಡಿ: ಟಿಎಲ್‌ಪಿ, ಪವರ್-ಪ್ರೊಫೈಲ್ಸ್-ಡೀಮನ್, ಆಟೊ-ಸಿಪಿಯುಫ್ರೆಕ್, ಟ್ಯೂನ್‌ಡಿ. ‘ಆಕ್ಟಿವ್’ ಎಂದು ಹಸಿರು ಅಕ್ಷರದಲ್ಲಿ ಎರಡು ಹೆಸರು ಬಂದರೆ ರೋಗ ಅರ್ಧ ಸಿಕ್ಕಿತು. ಒಂದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ತೆಗೆಯಿರಿ.

ಯಾವುದನ್ನು ಇಟ್ಟುಕೊಳ್ಳಬೇಕು? ಯಂತ್ರ ಹೊಸದಾಗಿದ್ದು, ತೆರೆಯ ಮೂಲೆಯ ಮೂರು ಆಯ್ಕೆ ಸಾಕೆನಿಸಿದರೆ ಪವರ್ ಪ್ರೊಫೈಲ್ಸ್ ಡೀಮನ್ ಇರಲಿ, ಬೇರೆ ಏನೂ ಬೇಡ. ಹಳೆಯ ಥಿಂಕ್‌ಪ್ಯಾಡ್‌ನಂಥ ಯಂತ್ರ, ಬ್ಯಾಟರಿಯನ್ನು ಶೇ. 80ಕ್ಕೆ ನಿಲ್ಲಿಸುವ ಬಯಕೆ, ಯುಎಸ್‌ಬಿ, ವೈಫೈಗಳ ಉಳಿತಾಯವೂ ಬೇಕು ಎಂದಾದರೆ ಟಿಎಲ್‌ಪಿ. ನನ್ನ ಅನುಭವದಲ್ಲಿ ಹಳೆಯ ಯಂತ್ರಗಳಿಗೆ ಟಿಎಲ್‌ಪಿಯೇ ಮೇಲು, ಅದೂ ಅದರ ಮೂಲ ಸೆಟ್ಟಿಂಗ್‌ಗಳನ್ನು ಮುಟ್ಟದೆ ಬಿಟ್ಟರೆ.

ತೆಗೆಯುವಾಗ ಒಂದು ಎಚ್ಚರಿಕೆ. ಇಂಥ ಉಪಕರಣಗಳನ್ನು ಹಾಕಿಕೊಳ್ಳುವಾಗ ಅವೋ ಅಥವಾ ನಾವೋ ಪ್ರತಿಸ್ಪರ್ಧಿಯನ್ನು ‘ಮಾಸ್ಕ್’ ಮಾಡಿರುತ್ತೇವೆ, ಅಂದರೆ ಅದು ಏಳದಂತೆ ಬೀಗ ಹಾಕಿರುತ್ತೇವೆ. ಉಪಕರಣ ತೆಗೆದರೂ ಬೀಗ ಹಾಗೇ ಉಳಿಯಬಹುದು. ‘ಟಿಎಲ್‌ಪಿ ತೆಗೆದೆ, ಈಗ ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಎಂಬುದೇ ಕಾಣುತ್ತಿಲ್ಲ’ ಎಂಬ ದೂರಿಗೆ ಈ ಬೀಗವೋ, ಡೀಮನ್ನೇ ತೆಗೆದುಹೋಗಿರುವುದೋ ಕಾರಣ. ಪವರ್-ಪ್ರೊಫೈಲ್ಸ್-ಡೀಮನ್ ಅನ್ನು ಮತ್ತೆ ಅನುಸ್ಥಾಪಿಸಿ, ‘ಸುಡೊ ಸಿಸ್ಟಮ್‌ಸಿಟಿಎಲ್ ಅನ್‌ಮಾಸ್ಕ್’ ಎಂದು ಅದರ ಹೆಸರು ಕೊಟ್ಟು ಬೀಗ ತೆಗೆದು, ನಂತರ ‘ಎನೇಬಲ್’ ಮಾಡಿದರೆ ಮೂರು ಆಯ್ಕೆಗಳೂ ಮರಳುತ್ತವೆ.

ಪವರ್‌ಸೇವ್ ಎಂಬ ಒಂದೇ ಮಾತು, ಎರಡು ಅರ್ಥ

ಎರಡನೇ ಉಪಕರಣ ತೆಗೆದ ಮೇಲೂ ಹುಡುಗನ ಯಂತ್ರ ವೈರ್ ಕಿತ್ತ ಕೂಡಲೇ ತೆವಳಿತು. ‘ಟಿಎಲ್‌ಪಿ-ಸ್ಟ್ಯಾಟ್ ಹೈಫನ್ ಪಿ’ ಎಂಬ ಆಜ್ಞೆ ಕೊಟ್ಟು ನೋಡಿದೆ. ಡ್ರೈವರ್ ಸಾಲಿನಲ್ಲಿ ‘ಇಂಟೆಲ್_ಸಿಪಿಯುಫ್ರೆಕ್’, ಗವರ್ನರ್ ಸಾಲಿನಲ್ಲಿ ‘ಪವರ್‌ಸೇವ್’. ವೇಗ 800 ಮೆಗಾಹರ್ಟ್ಸ್‌ಗೆ ಅಂಟಿಕೊಂಡಿತ್ತು. ಉತ್ತರ ಅಲ್ಲೇ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಜನ ಎಡವುವ ಜಾಗ ಇದು.

ಗವರ್ನರ್ ಎಂದರೆ ವೇಗ ನಿರ್ಧರಿಸುವ ನಿಯಮ. ಡ್ರೈವರ್ ಎಂದರೆ ಆ ನಿಯಮವನ್ನು ಪ್ರೊಸೆಸರಿಗೆ ಮುಟ್ಟಿಸುವ ಕರ್ನಲ್ ಭಾಗ. ಸಾಮಾನ್ಯ ಡ್ರೈವರ್‌ಗಳಲ್ಲಿ ‘ಪವರ್‌ಸೇವ್’ ಎಂದರೆ ಅತ್ಯಂತ ಕಡಿಮೆ ವೇಗ, ಏನೇ ಕೆಲಸ ಬಂದರೂ ಅಲ್ಲಿಂದ ಏಳುವುದಿಲ್ಲ. ಆದರೆ 2013ರಲ್ಲಿ ಕರ್ನಲ್ 3.9ರ ಜೊತೆ ಬಂದ ‘ಇಂಟೆಲ್_ಪಿಸ್ಟೇಟ್’ ಡ್ರೈವರಿನಲ್ಲಿ ಅದೇ ಮಾತಿನ ಅರ್ಥ ಬೇರೆ. ಅಲ್ಲಿ ‘ಪವರ್‌ಸೇವ್’ ಎಂದರೆ ಕೆಲಸವಿದ್ದಾಗ ಏರು, ಇಲ್ಲದಾಗ ಇಳಿ ಎಂಬ ಹದವಾದ ನಡಿಗೆ. ಆ ಡ್ರೈವರ್ ಸಕ್ರಿಯ ಸ್ಥಿತಿಯಲ್ಲಿದ್ದಾಗ ಇರುವುದೇ ಎರಡು ಗವರ್ನರ್, ‘ಪರ್ಫಾರ್ಮೆನ್ಸ್’ ಮತ್ತು ‘ಪವರ್‌ಸೇವ್’. ಎರಡನೆಯದೇ ದಿನಬಳಕೆಯದು.

ಹಳೆಯ ಮಾರ್ಗದರ್ಶಿಗಳು ಇಂಟೆಲ್ ಯಂತ್ರಗಳಿಗೆ ಕಣ್ಣುಮುಚ್ಚಿ ‘ಪವರ್‌ಸೇವ್’ ಬರೆಯಿರಿ ಎಂದದ್ದು ಇದೇ ಅರ್ಥದಲ್ಲಿ. ಅಷ್ಟರಲ್ಲಿ ಕರ್ನಲ್ ಬದಲಾಯಿತು. 2020ರ 5.7ನೇ ಆವೃತ್ತಿಯಿಂದ, ವೇಗವನ್ನು ತಾನೇ ನಿಭಾಯಿಸುವ ಯಂತ್ರಾಂಶ ಸೌಲಭ್ಯವಿಲ್ಲದ ಹಳೆಯ ಇಂಟೆಲ್ ಪ್ರೊಸೆಸರುಗಳಲ್ಲಿ ಈ ಡ್ರೈವರ್ ನಿಷ್ಕ್ರಿಯ ಸ್ಥಿತಿಗೆ ಇಳಿಯಿತು. ಸ್ಥೂಲವಾಗಿ ಹೇಳುವುದಾದರೆ 6ನೇ ತಲೆಮಾರಿಗಿಂತ ಹಿಂದಿನವು. ಅಲ್ಲಿ ಅದರ ಹೆಸರು ‘ಇಂಟೆಲ್_ಸಿಪಿಯುಫ್ರೆಕ್’ ಎಂದು ಕಾಣುತ್ತದೆ, ಸಾಮಾನ್ಯ ಗವರ್ನರ್‌ಗಳೇ ನಡೆಯುತ್ತವೆ, ‘ಪವರ್‌ಸೇವ್’ ಮತ್ತೆ ಕನಿಷ್ಠ ವೇಗದ ಸಂಕೋಲೆಯಾಗುತ್ತದೆ. ಹುಡುಗ ಎಲ್ಲಿಂದಲೋ ನಕಲು ಮಾಡಿದ ಒಂದು ಸಾಲು ‘ಇಟಿಸಿ’ ಕೋಶದ ‘ಟಿಎಲ್‌ಪಿ.ಕಾನ್ಫ್’ ಕಡತದಲ್ಲಿ ಕೂತಿತ್ತು: ಬ್ಯಾಟರಿಯಲ್ಲಿ ಗವರ್ನರ್ ಪವರ್‌ಸೇವ್. ಅದರ ಮುಂದೆ ಹ್ಯಾಶ್ ಗುರುತು ಹಾಕಿ ‘ಸುಡೊ ಟಿಎಲ್‌ಪಿ ಸ್ಟಾರ್ಟ್’ ಕೊಟ್ಟು ಯಂತ್ರ ಮರುಚಾಲನೆ ಮಾಡಿದೆವು. ‘ಶೆಡ್‌ಯುಟಿಲ್’ ಗವರ್ನರ್ ಬಂತು. 2016ರ ಕರ್ನಲ್ 4.7ರಿಂದ ಇರುವ ಇದು ಯಾವ ಕೆಲಸಕ್ಕೆ ಎಷ್ಟು ಬಲ ಬೇಕೆಂಬುದನ್ನು ಕರ್ನಲ್ಲಿನ ಶೆಡ್ಯೂಲರಿನಿಂದಲೇ ತಿಳಿದುಕೊಂಡು ವೇಗ ಕೊಡುತ್ತದೆ. ಬ್ರೌಸರ್ ತಕ್ಷಣ ತೆರೆಯಿತು.

ನಿಮ್ಮ ಯಂತ್ರದಲ್ಲಿ ಯಾವುದಿದೆ ಎಂದು ನೋಡಲು ಯಾವ ಉಪಕರಣವೂ ಬೇಡ. ಕಡತ ತೋರಿಸುವ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಲ್ ಕೀಲಿ ಒತ್ತಿ ಮೂಲದ ‘ಸಿಸ್’ ಕೋಶಕ್ಕೆ ಹೋಗಿ. ಅಲ್ಲಿಂದ ಡಿವೈಸಸ್, ಸಿಸ್ಟಮ್, ಸಿಪಿಯು, ಸಿಪಿಯು0, ಸಿಪಿಯುಫ್ರೆಕ್ ಎಂದು ಒಂದರೊಳಗೊಂದು ಇಳಿಯಿರಿ. ‘ಸ್ಕೇಲಿಂಗ್_ಡ್ರೈವರ್’, ‘ಸ್ಕೇಲಿಂಗ್_ಗವರ್ನರ್’ ಎಂಬ ಕಡತಗಳನ್ನು ತೆರೆದು ಓದಿ. ಓದುವುದರಿಂದ ಏನೂ ಕೆಡುವುದಿಲ್ಲ. ಎಎಂಡಿ ರೈಜನ್ ಯಂತ್ರವಾದರೆ ಡ್ರೈವರ್ ‘ಎಎಂಡಿ-ಪಿಸ್ಟೇಟ್-ಇಪಿಪಿ’ ಎಂದಿರುವುದು ಒಳ್ಳೆಯದು. 2022ರ ಕರ್ನಲ್ 5.17ರಲ್ಲಿ ಎಎಂಡಿಯ ಸ್ವಂತ ಡ್ರೈವರ್ ಬಂತು, ವೇಗಕ್ಕೋ ಉಳಿತಾಯಕ್ಕೋ ಎಂಬ ಒಲವನ್ನು ಪ್ರೊಸೆಸರಿಗೆ ತಿಳಿಸುವ ಇಪಿಪಿ ವಿಧಾನ ಮರುವರ್ಷದ 6.3ರಲ್ಲಿ ಸೇರಿತು. ಹೊಸ ರೈಜನ್ ಮೇಲೆ ಹಳೆಯ ಉಬುಂಟು ಓಡಿಸುತ್ತ ಬ್ಯಾಟರಿ ನಿಲ್ಲದೆಂದು ಕೊರಗುವವರಿಗೆ ಹೊಸ ಆವೃತ್ತಿಗೆ ಹೋಗುವುದೇ ಮದ್ದು.

ಡ್ರೈವರ್ ಕಡತವೇ ಇಲ್ಲದಿದ್ದರೆ? ಬಯೋಸ್‌ನಲ್ಲಿ ಇಂಟೆಲ್ ಸ್ಪೀಡ್‌ಸ್ಟೆಪ್ ಅಥವಾ ಅದಕ್ಕೆ ಸಮನಾದ ಆಯ್ಕೆಯನ್ನು ಯಾರಾದರೂ ಆಫ್ ಮಾಡಿರಬಹುದು, ಅಲ್ಲಿಗೆ ಹೋಗಿ ಹೊತ್ತಿಸಿ. ವರ್ಚುವಲ್ ಯಂತ್ರದೊಳಗೆ ಲಿನಕ್ಸ್ ಓಡಿಸುತ್ತಿದ್ದರೆ ಆ ಕಡತ ಸಾಮಾನ್ಯವಾಗಿ ಇರುವುದೇ ಇಲ್ಲ, ಅದು ದೋಷವಲ್ಲ.

‘ಸಿಪಿಯುಪವರ್’ ಎಂಬ ಉಪಕರಣ ನಿನ್ನೆವರೆಗೆ ಕೆಲಸ ಮಾಡಿ ಇವತ್ತು ‘ಈ ಕರ್ನಲ್ಲಿಗೆ ನಾನಿಲ್ಲ’ ಎಂಬರ್ಥದ ಸಂದೇಶ ಕೊಟ್ಟರೆ ಗಾಬರಿ ಬೇಡ. ಅದು ಕರ್ನಲ್ಲಿನ ಆವೃತ್ತಿಗೆ ಜೋಡಿಯಾಗಿ ಬರುವ ಉಪಕರಣ. ರಾತ್ರಿ ಕರ್ನಲ್ ಹೊಸದಾಗಿದೆ, ಜೋಡಿ ಬಂದಿಲ್ಲ. ಉಬುಂಟುವಿನಲ್ಲಿ ‘ಲಿನಕ್ಸ್-ಟೂಲ್ಸ್-ಜೆನೆರಿಕ್’ ಎಂಬ ಪೊಟ್ಟಣ ಹಾಕಿಕೊಂಡರೆ ಮುಂದೆ ಎರಡೂ ಕೂಡಿಯೇ ಹೊಸದಾಗುತ್ತವೆ.

ನಿಧಾನವೇ ಉಳಿತಾಯವಲ್ಲ

ವೇಗ ಕಟ್ಟಿಹಾಕಿದರೆ ಬ್ಯಾಟರಿ ಹೆಚ್ಚು ಬರುತ್ತದೆಂಬ ನಂಬಿಕೆಯನ್ನು ಸ್ವಲ್ಪ ಅಲುಗಿಸಬೇಕು. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ಹಾಗಾಗಿ ತೀರ ಮೇಲಿನ ವೇಗ ದುಬಾರಿ ಎಂಬುದು ನಿಜ. ಆದರೆ ಕೆಳಗೂ ಒಂದು ಮಿತಿಯಿದೆ. ನಮ್ಮ ತೋಟಗಳಲ್ಲಿ ಮೂರು ಫೇಸ್ ಕರೆಂಟ್ ಬಂದಾಗ ಪಂಪನ್ನು ಪೂರ್ತಿ ಓಡಿಸಿ ತೊಟ್ಟಿ ತುಂಬಿಸಿ ನಿಲ್ಲಿಸುತ್ತೇವೆ. ಅರ್ಧಂಬರ್ಧ ನೀರು ಎತ್ತುತ್ತ ದಿನವಿಡೀ ಮೋಟಾರ್ ಓಡಿಸುವುದಿಲ್ಲ. ಪ್ರೊಸೆಸರ್ ಕೂಡ ಕೆಲಸವನ್ನು ಬೇಗ ಮುಗಿಸಿ ಗಾಢ ನಿದ್ರೆಗೆ ಇಳಿದಾಗಲೇ ನಿಜವಾದ ಉಳಿತಾಯ. 800 ಮೆಗಾಹರ್ಟ್ಸ್‌ನಲ್ಲಿ ಕಟ್ಟಿಹಾಕಿದ ಯಂತ್ರ ಮಲಗುವುದೇ ಇಲ್ಲ, ಅಷ್ಟೂ ಹೊತ್ತು ಪರದೆ, ವೈಫೈ, ಡಿಸ್ಕ್‌ಗಳೂ ಅದರ ಜೊತೆ ಎದ್ದು ಕೂತಿರುತ್ತವೆ.

ಉಳಿತಾಯ ಆಗಿದೆಯೇ ಎಂಬುದನ್ನು ಅಂದಾಜಿನಿಂದಲ್ಲ, ವ್ಯಾಟಿನಿಂದ ಅಳೆಯಬೇಕು. ‘ಯುಪವರ್ ಹೈಫನ್ ಡಿ’ ಎಂಬ ಆಜ್ಞೆ ಬ್ಯಾಟರಿಯ ಜಾತಕವನ್ನೇ ತೆರೆದಿಡುತ್ತದೆ. ‘ಎನರ್ಜಿ-ಫುಲ್-ಡಿಸೈನ್’ ಎಂದರೆ ಹೊಸದಿದ್ದಾಗಿನ ಸಾಮರ್ಥ್ಯ, ‘ಎನರ್ಜಿ-ಫುಲ್’ ಎಂದರೆ ಈಗಿನದು, ‘ಎನರ್ಜಿ-ರೇಟ್’ ಎಂದರೆ ಈ ಕ್ಷಣ ಎಷ್ಟು ವ್ಯಾಟ್ ಹೋಗುತ್ತಿದೆ. ಲೆಕ್ಕ ಸುಲಭ. ಹೊಸದಿದ್ದಾಗ 48 ವ್ಯಾಟ್-ಗಂಟೆ ಇದ್ದ ಬ್ಯಾಟರಿ ಈಗ 30ಕ್ಕೆ ಇಳಿದಿದೆ ಅನ್ನಿ. ಯಂತ್ರ 6 ವ್ಯಾಟ್ ತಿಂದರೆ 5 ಗಂಟೆ, 15 ವ್ಯಾಟ್ ತಿಂದರೆ 2 ಗಂಟೆ. ಯಾವ ತಂತ್ರಾಂಶವೂ ಆ 30ನ್ನು 48 ಮಾಡಲಾರದು, 15ನ್ನು 6ಕ್ಕೆ ತರಬಲ್ಲದು. ಈಗಿನ ಸಾಮರ್ಥ್ಯ ಮೂಲದ ಅರ್ಧಕ್ಕಿಂತ ಕೆಳಗಿದ್ದರೆ ಉಪಕರಣ ಹುಡುಕುವುದನ್ನು ಬಿಟ್ಟು ಬ್ಯಾಟರಿ ಬದಲಿಸಿ.

ಯಾರು ತಿನ್ನುತ್ತಿದ್ದಾರೆಂದು ತಿಳಿಯಲು ಇಂಟೆಲ್ 2007ರಲ್ಲಿ ಹೊರತಂದ ಪವರ್‌ಟಾಪ್ ಇಂದಿಗೂ ಒಳ್ಳೆಯದು. ಚಾರ್ಜರ್ ಕಿತ್ತು, ಹತ್ತು ನಿಮಿಷ ಎಂದಿನ ಕೆಲಸ ಮಾಡುತ್ತ ಅದನ್ನು ಓಡಿಸಿ, ಮೇಲೆ ಬರುವ ಹೆಸರುಗಳನ್ನು ನೋಡಿ. ಹೆಚ್ಚಾಗಿ ಅಲ್ಲಿರುವುದು ಬ್ರೌಸರ್, ಅದರಲ್ಲೂ ವಿಡಿಯೊ. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ವಿಡಿಯೊ ಕೆಲಸವನ್ನು ಪ್ರೊಸೆಸರ್ ಹೊತ್ತುಕೊಂಡಿದ್ದರೆ ಫ್ಯಾನ್ ಕೂಗುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಹೊತ್ತಿದೆಯೇ ನೋಡಿ. ಇಷ್ಟಕ್ಕೆ ಪವರ್‌ಟಾಪಿನ ಕೆಲಸ ಮುಗಿಯಿತು. ಅದರ ‘ಆಟೊ-ಟ್ಯೂನ್’ ಅನ್ನು ಪ್ರತಿ ಸಲ ಯಂತ್ರ ಹೊತ್ತಿಸಿದಾಗ ಓಡುವಂತೆ ಇಡಬೇಡಿ. ಅದು ಯುಎಸ್‌ಬಿ ಮೌಸನ್ನೂ ಕೀಲಿಮಣೆಯನ್ನೂ ಮಲಗಿಸುತ್ತದೆ. ಎರಡು ಸೆಕೆಂಡು ಬಿಟ್ಟು ಮೌಸ್ ಅಲುಗಿಸಿದರೆ ಬಾಣ ಕದಲುವುದಿಲ್ಲ. ಆಮೇಲೆ ಮೌಸ್ ಕೆಟ್ಟಿದೆಯೆಂದು ಹೊಸದು ಕೊಂಡವರನ್ನು ನೋಡಿದ್ದೇನೆ. ಜೊತೆಗೆ ಟಿಎಲ್‌ಪಿ ಇದ್ದರೆ ಇದೂ ಎರಡನೇ ಯಜಮಾನನೇ.

ಚಾರ್ಜರ್ ನೋಡದೆ ತಂತ್ರಾಂಶ ಮುಟ್ಟಬೇಡಿ

ಅಜ್ಜಂಪುರದ ಹೈಸ್ಕೂಲ್ ಮೇಷ್ಟ್ರೊಬ್ಬರದು ತದ್ವಿರುದ್ಧದ ಕಥೆ. ಅವರು ಉಬುಂಟುವಿಗೆ ಹೊಸಬರಲ್ಲ. 2010ರ ದಶಕದ ಆರಂಭದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಕಲಿಸಿದ್ದೇ ಉಬುಂಟು, ನಮ್ಮ ರಾಜ್ಯದ ಎಷ್ಟೋ ಮೇಷ್ಟ್ರಿಗೆ ಲಿನಕ್ಸ್ ಪರಿಚಯವಾದದ್ದು ಅಲ್ಲೇ. ಇವರ ಯಂತ್ರ ಬ್ಯಾಟರಿಯಲ್ಲಿ ಚೆನ್ನಾಗಿ ಓಡುತ್ತಿತ್ತು, ಚಾರ್ಜರ್ ಚುಚ್ಚಿದರೆ ನಿಲ್ಲುವಷ್ಟು ನಿಧಾನ. ಗವರ್ನರ್ ‘ಪರ್ಫಾರ್ಮೆನ್ಸ್’ ಎಂದೇ ತೋರಿಸುತ್ತಿತ್ತು, ವೇಗ ಮಾತ್ರ 400 ಮೆಗಾಹರ್ಟ್ಸ್. ಎರಡು ಸಲ ಉಬುಂಟು ಅಳಿಸಿ ಹಾಕಿದ್ದರು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ.

ಸಿಡಿಲಿಗೆ ಮೂಲ ಚಾರ್ಜರ್ ಸುಟ್ಟಿತ್ತು. ಬದಲಿಗೆ ತಂದದ್ದು ಅಗ್ಗದ ಚಾರ್ಜರ್. ಕೆಲವು ತಯಾರಕರ ಯಂತ್ರಗಳು ಚಾರ್ಜರಿನ ನಡುವಿನ ಸಣ್ಣ ಪಿನ್ನಿನ ಮೂಲಕ ಅದರ ಗುರುತನ್ನೂ ವ್ಯಾಟನ್ನೂ ಕೇಳುತ್ತವೆ. ಉತ್ತರ ಬಾರದಿದ್ದರೆ, ಅಥವಾ 65 ವ್ಯಾಟ್ ಬೇಕಾದಲ್ಲಿ 45 ವ್ಯಾಟಿನದು ಬಂದರೆ, ಮದರ್‌ಬೋರ್ಡ್ ಪ್ರೊಸೆಸರಿಗೆ ‘ಬಿಸಿಯಾಗಿದೆ, ಇಳಿ’ ಎಂಬ ಸಂಕೇತವನ್ನೇ ಕಳಿಸಿ ವೇಗ ಕಟ್ಟಿಹಾಕುತ್ತದೆ. ಈ ಸಂಕೇತದ ಹೆಸರು ಪ್ರೋಕ್‌ಹಾಟ್. ಇದು ಗವರ್ನರ್, ಟಿಎಲ್‌ಪಿ ಎಲ್ಲಕ್ಕಿಂತ ಮೇಲಿನ ಆಜ್ಞೆ, ಲಿನಕ್ಸ್‌ಗೆ ತಾನಾಗಿ ಅದನ್ನು ಮೀರಲಾಗದು.

ಪರೀಕ್ಷೆ ಸರಳ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಹೊತ್ತಿಸಿ. ವೇಗ ಮರಳಿದರೆ ಬಹಳಷ್ಟು ಸಲ ತಪ್ಪು ಚಾರ್ಜರಿನದೇ. ಬಯೋಸ್ ಪರದೆಯಲ್ಲಿ ಅಡಾಪ್ಟರ್ ಎದುರು ಏನು ಬರೆದಿದೆ ನೋಡಿ. ‘ಅನ್‌ನೋನ್’ ಎಂದಿದ್ದರೆ ಅನುಮಾನವೇ ಇಲ್ಲ. ಈ ಸಂಕೇತವನ್ನು ತಂತ್ರಾಂಶದಿಂದ ಕಿವುಡಾಗಿಸುವ ಉಪಾಯಗಳು ಓಡಾಡುತ್ತವೆ. ನಾನು ಅದನ್ನು ಯಾರಿಗೂ ಮಾಡಿಕೊಡುವುದಿಲ್ಲ, ನೀವೂ ಮಾಡಬೇಡಿ. ನಿಜವಾಗಿ ಬಿಸಿಯಾದಾಗಲೂ, ಚಾರ್ಜರಿನ ಶಕ್ತಿ ಸಾಲದಾದಾಗಲೂ ಬೋರ್ಡನ್ನು ಕಾಯುವ ಸಂಕೇತ ಅದೇ. ಸರಿಯಾದ ವ್ಯಾಟಿನ, ತಯಾರಕರದೇ ಚಾರ್ಜರಿಗೆ ಖರ್ಚು ಮಾಡುವುದು ಬೋರ್ಡ್ ಕಳೆದುಕೊಳ್ಳುವುದಕ್ಕಿಂತ ಅಗ್ಗ.

ಧೂಳು, ಬಿಸಿಲು, ಹಾಸಿಗೆ

ಕಡೂರಿನ ಬಯಲುಸೀಮೆಯ ಬಿಸಿಲಲ್ಲಿ, ಕೊಬ್ಬರಿ ಸುಲಿಯುವ, ರಾಗಿ ಒಕ್ಕುವ ಮನೆಗಳಲ್ಲಿ ಲ್ಯಾಪ್‌ಟಾಪಿನ ಫ್ಯಾನಿನೊಳಗೆ ನಾರು ಮತ್ತು ಧೂಳು ಹೆಣೆದುಕೊಂಡು ಬಟ್ಟೆಯ ಹಾಗೆ ಕೂರುತ್ತದೆ. ಗಾಳಿ ಹೊರಗೆ ಹೋಗದೆ ಪ್ರೊಸೆಸರ್ ತನ್ನನ್ನು ತಾನೇ ಇಳಿಸಿಕೊಳ್ಳುತ್ತದೆ. ‘ಎಲ್‌ಎಂ-ಸೆನ್ಸರ್ಸ್’ ಪೊಟ್ಟಣ ಹಾಕಿ ‘ಸೆನ್ಸರ್ಸ್’ ಎಂದು ಕೊಟ್ಟರೆ ಪ್ರತಿ ಕೋರಿನ ಉಷ್ಣತೆ ಕಾಣುತ್ತದೆ. ಏನೂ ಕೆಲಸವಿಲ್ಲದಾಗಲೂ 65-70 ಡಿಗ್ರಿ, ಸ್ವಲ್ಪ ಕೆಲಸ ಕೊಟ್ಟರೆ 95 ದಾಟುತ್ತದೆ ಎಂದಾದರೆ ಸೆಟ್ಟಿಂಗ್ಸ್ ಬದಲಿಸಿ ಫಲವಿಲ್ಲ. ‘ಸುಡೊ ಡಿಮೆಸೇಜ್’ ಎಂದು ಓದಿಕೊಳ್ಳುವ ‘ಡಿಎಂಇಎಸ್‌ಜಿ’ ಆಜ್ಞೆಯ ಸಾಲುಗಳಲ್ಲಿ ‘ಥ್ರಾಟಲ್ಡ್’ ಎಂಬ ಪದ ಹುಡುಕಿ, ಸಿಕ್ಕರೆ ಅದು ಸಾಕ್ಷಿ.

ಫ್ಯಾನ್ ಬಿಚ್ಚಿ ಶುಚಿ ಮಾಡಿಸಿ, ನಾಲ್ಕೈದು ವರ್ಷ ಹಳೆಯದಾದರೆ ಥರ್ಮಲ್ ಪೇಸ್ಟ್ ಬದಲಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿದಿರಬೇಕು, ಗಾಳಿಯ ರಭಸಕ್ಕೆ ಅತಿಯಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಹಾಸಿಗೆ, ಕಂಬಳಿಯ ಮೇಲಿಟ್ಟು ಬಳಸಬೇಡಿ. ಕೆಲವು ಥಿಂಕ್‌ಪ್ಯಾಡ್‌ಗಳಿಗೆ ತಾವು ತೊಡೆಯ ಮೇಲಿದ್ದೇವೆಂದು ಗೊತ್ತಾಗುತ್ತದೆ, ಚರ್ಮ ಸುಡಬಾರದೆಂದು ವೇಗ ತಗ್ಗಿಸುತ್ತವೆ. ‘ಪವರ್‌ಪ್ರೊಫೈಲ್ಸ್‌ಸಿಟಿಎಲ್’ ಎಂದು ಕೊಟ್ಟಾಗ ‘ಲ್ಯಾಪ್-ಡಿಟೆಕ್ಟೆಡ್’ ಎಂದು ಬಂದರೆ ಮೇಜಿನ ಮೇಲಿಡಿ, ಅಷ್ಟೇ ಚಿಕಿತ್ಸೆ.

ಬ್ಯಾಗಿನೊಳಗೆ ಎಚ್ಚರವಿದ್ದ ಯಂತ್ರ

ತರೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ತಂಗಿಯೊಬ್ಬಳು ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ ಯಂತ್ರ ಯಶವಂತಪುರದಲ್ಲಿ ತೆಗೆದಾಗ ಇಸ್ತ್ರಿಪೆಟ್ಟಿಗೆಯಂತೆ ಬಿಸಿಯಾಗಿತ್ತು, ಬ್ಯಾಟರಿ ಖಾಲಿ. ಈ ದೋಷಕ್ಕೂ ಗವರ್ನರಿಗೂ ಸಂಬಂಧವಿಲ್ಲ. ಮೂಲದ ‘ಸಿಸ್’ ಕೋಶದ ‘ಪವರ್’ ಒಳಗೆ ‘ಮೆಮ್_ಸ್ಲೀಪ್’ ಎಂಬ ಕಡತವಿದೆ. ಅದರಲ್ಲಿ ‘ಎಸ್2ಐಡಲ್’ ಮತ್ತು ‘ಡೀಪ್’ ಎಂಬ ಎರಡು ಮಾತಿರಬಹುದು. ಚೌಕ ಆವರಣದಲ್ಲಿರುವುದು ಈಗ ನಡೆಯುತ್ತಿರುವುದು. ‘ಡೀಪ್’ ನಿಜವಾದ ನಿದ್ರೆ. ‘ಎಸ್2ಐಡಲ್’ ಮೊಬೈಲಿನಂತೆ ಅರೆನಿದ್ರೆ, ಯಾವುದೋ ಒಂದು ಸಾಧನ ಮಲಗಲು ಒಪ್ಪದಿದ್ದರೆ ಪ್ರೊಸೆಸರ್ ಕೂಡ ಆಳಕ್ಕೆ ಇಳಿಯುವುದಿಲ್ಲ.

ಎರಡೂ ಇದ್ದು ಅರೆನಿದ್ರೆ ನಡೆಯುತ್ತಿದ್ದರೆ, ಯಂತ್ರ ಏಳುವಾಗ ಕರ್ನಲ್ಲನ್ನು ಎಬ್ಬಿಸುವ ಗ್ರಬ್‌ನ ಕಡತದಲ್ಲಿ ಕರ್ನಲ್ ಸಾಲಿಗೆ ‘ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್’ ಎಂದು ಸೇರಿಸಿ ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ. ‘ಡೀಪ್’ ಇಲ್ಲವೇ ಇಲ್ಲ ಎಂದಾದರೆ ಬಯೋಸ್‌ನಲ್ಲಿ ನೋಡಿ, ಕೆಲವು ಯಂತ್ರಗಳಲ್ಲಿ ನಿದ್ರೆಯ ಬಗೆಯನ್ನು ‘ಲಿನಕ್ಸ್’ ಎಂದು ಬದಲಿಸುವ ಆಯ್ಕೆಯಿದೆ. ಅಲ್ಲೂ ಇಲ್ಲದಿದ್ದರೆ ಒತ್ತಾಯ ಬೇಡ, ಪ್ರಯಾಣಕ್ಕೆ ಮೊದಲು ಯಂತ್ರ ಆರಿಸಿ. ತಂಗಿಗೆ ನಾನು ಹೇಳಿದ್ದು ಇದನ್ನೇ. ಬದಲಾವಣೆ ಫಲಿಸಿತೇ ಎಂದು ತಿಳಿಯಲು ರಾತ್ರಿ ಹತ್ತಕ್ಕೆ ಶೇಕಡಾವಾರು ಬರೆದಿಟ್ಟು ಮುಚ್ಚಳ ಮುಚ್ಚಿ, ಬೆಳಗ್ಗೆ ಆರಕ್ಕೆ ನೋಡಿ. ನಾಲ್ಕೈದು ಇಳಿದಿದ್ದರೆ ಚಿಂತೆಯಿಲ್ಲ. ಇಪ್ಪತ್ತೈದು ಇಳಿದಿದ್ದರೆ ಅದು ಮಲಗಿಲ್ಲ.

ಬರೆದಿಡಿ, ಒಂದೊಂದೇ ಬದಲಿಸಿ

ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಗಣಕ ಕಲಿಯುವುದು ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಲಿನಕ್ಸ್‌ನಲ್ಲಿ. ಅಲ್ಲಿ ಎಲ್ಲ ಶಾಲೆಗೂ ಒಂದೇ ಬಗೆಯ ವ್ಯವಸ್ಥೆ, ಒಂದು ಕಡೆ ಕಂಡ ದೋಷದ ಪರಿಹಾರ ಇನ್ನೊಂದು ಕಡೆಗೂ ಆಗುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರ ಯಂತ್ರವೂ ಬೇರೆ, ಪ್ರತಿಯೊಬ್ಬರೂ ಒಂದೊಂದು ಕಡೆಯಿಂದ ಸಾಲು ನಕಲು ಮಾಡಿದವರು. ಆದ್ದರಿಂದ ನಮಗೆ ನೋಟ್‌ಬುಕ್ ಬೇಕು. ದಿನಾಂಕ, ಬದಲಿಸಿದ ಸಾಲು, ಮೊದಲಿನ ವ್ಯಾಟ್, ಆಮೇಲಿನ ವ್ಯಾಟ್. ದಿನಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಯಂತ್ರದ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಕನ್ನಡದಲ್ಲೇ ಇರಲಿ, ಅದು ನಮ್ಮ ಹಕ್ಕು. ದೋಷ ಹುಡುಕುವ ಹೊತ್ತಿಗೆ ಮಾತ್ರ ಆಜ್ಞೆಯ ಮುಂದೆ ‘ಎಲ್‌ಸಿ_ಆಲ್=ಸಿ’ ಎಂದು ಸೇರಿಸಿ, ಇದರಲ್ಲಿ ಮೂರೂ ಭಾಗ ದೊಡ್ಡಕ್ಷರ. ಸಂದೇಶ ಮೂಲದ ಇಂಗ್ಲಿಷಿನಲ್ಲಿ ಬರುತ್ತದೆ, ಬೇರೆಯವರಿಗೆ ತೋರಿಸಿ ಕೇಳಲು ಅನುಕೂಲ.

ಕೊನೆಯದು ಬ್ಯಾಟರಿಯ ಆಯಸ್ಸು. ಡಿಟಿಪಿ ಅಂಗಡಿಗಳಲ್ಲಿ, ಸೊಸೈಟಿ ಕಚೇರಿಗಳಲ್ಲಿ ಲ್ಯಾಪ್‌ಟಾಪ್ ದಿನವಿಡೀ ಚಾರ್ಜರಿಗೆ ಅಂಟಿಕೊಂಡೇ ಇರುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿಯಲ್ಲಿ ನೂರಕ್ಕೆ ನೂರು ತುಂಬಿ ಕೂರುವುದು ದೊಡ್ಡ ಕೇಡು. ಯಂತ್ರಕ್ಕೆ ಸೌಲಭ್ಯವಿದ್ದರೆ ‘ಟಿಎಲ್‌ಪಿ-ಸ್ಟ್ಯಾಟ್ ಹೈಫನ್ ಬಿ’ ಅದನ್ನು ತೋರಿಸುತ್ತದೆ. ಟಿಎಲ್‌ಪಿ ಕಡತದಲ್ಲಿ ಚಾರ್ಜ್ ಆರಂಭ 75, ನಿಲುಗಡೆ 80 ಎಂದು ಬರೆಯಿರಿ. ಯುಪಿಎಸ್ ಇರುವ ಮನೆಗೆ ಇದು ಸಾಕು. ಇಲ್ಲದ ಮನೆಗೆ ಆ ಉಳಿದ ಶೇ. 20 ಕೂಡ ಮುಖ್ಯ ಎಂಬುದು ನನಗೆ ಗೊತ್ತು. ಅದಕ್ಕೂ ದಾರಿಯಿದೆ. ಮೆಸ್ಕಾಂನವರ ‘ನಾಳೆ ವಿದ್ಯುತ್ ವ್ಯತ್ಯಯ’ ಪ್ರಕಟಣೆ ಪತ್ರಿಕೆಯಲ್ಲಿ ಕಂಡ ದಿನ, ಚಾರ್ಜರ್ ಚುಚ್ಚಿ ‘ಸುಡೊ ಟಿಎಲ್‌ಪಿ ಫುಲ್‌ಚಾರ್ಜ್’ ಎಂದು ಕೊಟ್ಟು ಮಲಗಿ. ಅದೊಂದು ಸಲ ಬ್ಯಾಟರಿ ನೂರಕ್ಕೆ ತುಂಬುತ್ತದೆ, ಯಂತ್ರ ಮರುಚಾಲನೆಯಾದ ಮೇಲೆ ಮತ್ತೆ ಎಂಬತ್ತರ ಮಿತಿಗೆ ಮರಳುತ್ತದೆ.